ಅಲ್ಲಿ ಹುಟ್ಟಿದವರಿಗೆ ಅದು ಅದ್ಭುತವಲ್ಲ

ಫ್ಯಾಂಟಸಿ ಬರೆಯುವವರು ಓದುಗರ ಎದುರು ನಿಂತಾಗಲೆಲ್ಲ ತಪ್ಪದೆ ಕೇಳಿಬರುವ ಪ್ರಶ್ನೆಯೊಂದಿದೆ: ಮೊದಲು ಹುಟ್ಟುವುದು ಲೋಕವೋ, ಅದರಲ್ಲಿ ಬದುಕುವ ಮನುಷ್ಯರೋ? ಇಂದಿನ ಉಪನ್ಯಾಸಕ್ಕೆ ಗೊತ್ತುಮಾಡಿದ ವಿಷಯದಲ್ಲೂ ಲೋಕನಿರ್ಮಾಣ, ಪಾತ್ರ, ಓದಿನ ಅಭಿರುಚಿ ಎಂಬ ಮೂರು ಭಾಗಗಳಿವೆ. ಅವನ್ನು ಒಂದಾದ ಮೇಲೊಂದರಂತೆ ಬಿಡಿಸಿ ಹೇಳುವುದು ನನಗೆ ಕಷ್ಟ, ಏಕೆಂದರೆ ಬರೆಯುವ ಕೆಲಸದಲ್ಲಿ ಅವು ಒಂದರೊಳಗೊಂದು ಹೆಣೆದುಕೊಂಡೇ ಬರುತ್ತವೆ. ಮೂರಕ್ಕೂ ಸಲ್ಲುವ ಒಂದು ಮಾತನ್ನು ಮಾತ್ರ ನಾನು ಗಟ್ಟಿಯಾಗಿ ನಂಬಿದ್ದೇನೆ. ಓದುಗರಿಗೆ ಯಾವುದು ಅದ್ಭುತವಾಗಿ ಕಾಣುತ್ತದೆಯೋ ಅದು ಆ ಲೋಕದಲ್ಲಿ ಹುಟ್ಟಿ ಬೆಳೆದವರಿಗೆ ದಿನನಿತ್ಯದ ಸಂಗತಿ. ಅವರ ಆ ದಿನನಿತ್ಯವನ್ನು ಬರೆಯುವವರು ಕಂಡುಕೊಳ್ಳುವವರೆಗೆ ಲೋಕ ನಿಲ್ಲುವುದಿಲ್ಲ, ಪಾತ್ರಕ್ಕೆ ಜೀವ ಬರುವುದಿಲ್ಲ. ಇದನ್ನೇ ಕೊಂಚ ವಿಸ್ತರಿಸಿ ಹೇಳುತ್ತೇನೆ.

ಕವಿಯ ಸ್ವಾತಂತ್ರ್ಯದ ಮಾತು ಬಂದಾಗ ‘ಅಪಾರೇ ಕಾವ್ಯಸಂಸಾರೇ ಕವಿರೇಕಃ ಪ್ರಜಾಪತಿಃ’ ಎಂಬ ಸಾಲನ್ನು ಉದ್ಧರಿಸುವುದು ನಮ್ಮಲ್ಲಿ ರೂಢಿ. 9ನೆಯ ಶತಮಾನದ ಕಾಶ್ಮೀರದಲ್ಲಿದ್ದ ಆನಂದವರ್ಧನನ ಕಾವ್ಯಮೀಮಾಂಸೆಯ ಗ್ರಂಥ ‘ಧ್ವನ್ಯಾಲೋಕ’ದಲ್ಲಿ ಬರುವ ಈ ಶ್ಲೋಕದ ಅರ್ಥ ಎಲ್ಲರಿಗೂ ತಿಳಿದದ್ದೇ: ಎಲ್ಲೆಯಿಲ್ಲದ ಕಾವ್ಯಲೋಕಕ್ಕೆ ಕವಿಯೊಬ್ಬನೇ ಬ್ರಹ್ಮ, ಅವನಿಗೆ ಹೇಗೆ ರುಚಿಸುತ್ತದೆಯೋ ಹಾಗೆ ಈ ವಿಶ್ವ ಮಾರ್ಪಡುತ್ತದೆ. ಫ್ಯಾಂಟಸಿ ಬರೆಯುವವರಿಗೆ ಇದಕ್ಕಿಂತ ದೊಡ್ಡ ಅಭಯ ಬೇಕಿಲ್ಲ. ಆದರೆ ಅದೇ ಗ್ರಂಥದಲ್ಲಿ, ಅದೇ ಮೂರನೆಯ ಉದ್ಯೋತದಲ್ಲಿ, ಎಂದರೆ ಅಧ್ಯಾಯದಲ್ಲಿ, ನಮ್ಮ ಕೆಲಸಕ್ಕೆ ಇನ್ನೂ ಹತ್ತಿರವಾದ ಚರ್ಚೆಯೊಂದಿದೆ. ಬರಿಯ ಮನುಷ್ಯನಾದ ರಾಜನೊಬ್ಬ ಏಳು ಸಮುದ್ರಗಳನ್ನು ಹಾರಿದನೆಂದು ಎಷ್ಟೇ ಸೊಗಸಾಗಿ ವರ್ಣಿಸಿದರೂ ಅದು ನೀರಸವೇ ಆಗುತ್ತದೆ, ಅದಕ್ಕೆ ಅನೌಚಿತ್ಯವೇ ಕಾರಣ ಎನ್ನುತ್ತಾನೆ ಆನಂದವರ್ಧನ. ಹಾಗೆಂದವನು ಅಲ್ಲಿಗೇ ನಿಲ್ಲದೆ ತಾನೇ ಆಕ್ಷೇಪವನ್ನೂ ಎತ್ತುತ್ತಾನೆ: ಸಾತವಾಹನ ಮೊದಲಾದ ರಾಜರು ನಾಗಲೋಕಕ್ಕೆ ಹೋದ ಕಥೆಗಳನ್ನು ಕೇಳಿದ್ದೇವಲ್ಲ, ಅವುಗಳ ಗತಿಯೇನು? ಅವನ ಉತ್ತರದ ಸಾರ ಇಷ್ಟು. ಅರಸರ ಅತಿಶಯವಾದ ಪ್ರಭಾವವನ್ನು ವರ್ಣಿಸಬಾರದೆಂದಲ್ಲ. ಕೇವಲ ಮಾನುಷವಾದ ಕಥೆಯೊಂದನ್ನು ಕಲ್ಪಿಸಿಕೊಂಡು ಅದರೊಳಗೆ ದಿವ್ಯಕ್ಕೆ ಮಾತ್ರ ಒಪ್ಪುವುದನ್ನು ತಂದಿಡಬಾರದು. ದಿವ್ಯವೂ ಮಾನುಷವೂ ಬೆರೆತಿರುವ ಪಾಂಡವರಂಥವರ ಕಥೆಯಲ್ಲಾದರೆ ಎರಡೂ ಸಲ್ಲುತ್ತವೆ.

ನನಗೆ ಈ ಭಾಗ ತುಂಬ ಪ್ರಿಯವಾದದ್ದು. ಸಮುದ್ರವನ್ನು ಹಾರಿದ್ದರಲ್ಲಿ ದೋಷವಿದೆಯೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಹಾರುವವನು ಕಾಲೂರಿದ್ದ ನೆಲ ಅಂಥ ಹಾರಿಕೆಗೆ ಒಪ್ಪುವಂತೆ ಸಿದ್ಧವಾಗಿತ್ತೇ ಎಂಬುದಷ್ಟೇ ಪ್ರಶ್ನೆ. ಸಾವಿರ ವರ್ಷಗಳ ಅನಂತರ ಬೇರೊಂದು ಭಾಷೆಯಲ್ಲಿ ಇದೇ ಪ್ರಶ್ನೆ ಮತ್ತೆ ಬಂತು. 1893ರಲ್ಲಿ ಫ್ಯಾಂಟಸಿ ಲೇಖಕ ಜಾರ್ಜ್ ಮ್ಯಾಕ್‌ಡೊನಾಲ್ಡ್ ಬರೆದ ಪ್ರಬಂಧವೊಂದರಲ್ಲಿ, ಲೇಖಕನು ತನ್ನ ಲೋಕಕ್ಕೆ ತನ್ನದೇ ನಿಯಮಗಳನ್ನು ಮಾಡಿಕೊಳ್ಳಬಹುದು, ಆದರೆ ಮಾಡಿಕೊಂಡ ಮೇಲೆ ಅವನ್ನು ಪಾಲಿಸಲೇಬೇಕು ಎಂಬ ವಾದವಿದೆ. 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಫ್ಯಾಂಟಸಿ ಲೇಖಕ ಟೋಲ್ಕಿನ್ ಮಾಡಿದ ಉಪನ್ಯಾಸ ಮುಂದೆ ವಿಸ್ತಾರಗೊಂಡು 1947ರಲ್ಲಿ ಪ್ರಬಂಧವಾಗಿ ಪ್ರಕಟವಾಯಿತು. ‘ಹಸಿರು ಸೂರ್ಯ’ ಎಂದು ಯಾರು ಬೇಕಾದರೂ ಹೇಳಬಹುದು, ಆದರೆ ಹಸಿರು ಸೂರ್ಯನನ್ನು ನಂಬುವಂತೆ ಮಾಡುವ ಲೋಕವೊಂದನ್ನು ಕಟ್ಟಲು ಶ್ರಮವೂ ಚಿಂತನೆಯೂ ಬೇಕು ಎಂಬ ಅಭಿಪ್ರಾಯ ಅದರಲ್ಲಿದೆ.

ಆ ಶ್ರಮ ಯಾವುದು ಎಂಬುದೇ ಬರೆಯುವವರು ಕೇಳಿಕೊಳ್ಳಬೇಕಾದದ್ದು. ಹೊಸದಾಗಿ ಬರೆಯುವವರಲ್ಲಿ ಬಹಳ ಮಂದಿ ಅದನ್ನು ವಿವರಗಳ ರಾಶಿ ಎಂದು ತಿಳಿಯುತ್ತಾರೆ. ರಾಜವಂಶಗಳ ಪಟ್ಟಿ, ಯುದ್ಧಗಳ ಇಸವಿಗಳು, ಪರ್ವತಗಳ ಎತ್ತರ, ಅನೇಕ ದೇವತೆಗಳ ವಂಶಾವಳಿ ಎಲ್ಲವೂ ನೋಟ್‌ಬುಕ್ಕುಗಳಲ್ಲಿ ತುಂಬುತ್ತವೆ. ಅದರಿಂದ ಹಾನಿಯಿಲ್ಲ, ನನಗೂ ಅಂಥ ಪಟ್ಟಿಗಳೆಂದರೆ ಇಷ್ಟ. ಆದರೆ ಹಸಿರು ಸೂರ್ಯನ ಕೆಳಗೆ ಹುಟ್ಟಿದ ಹೆಣ್ಣುಮಗಳು ಸೂರ್ಯ ಹಸಿರಾಗಿದ್ದಾನೆ ಎಂದು ಎಂದೂ ಹೇಳುವುದಿಲ್ಲ. ಅವಳು ಕಾಯಿ ಹಣ್ಣಾಗಿದೆಯೇ ಎಂದು ಬಣ್ಣದಿಂದ ತಿಳಿಯಲಾರಳು, ಆದ್ದರಿಂದ ಒತ್ತಿ ನೋಡುತ್ತಾಳೆ, ಮೂಸಿ ನೋಡುತ್ತಾಳೆ. ಮಗುವಿನ ಮೈ ಬಿಳಿಚಿಕೊಂಡಿದೆಯೇ ಎಂದು ಹಗಲಿನಲ್ಲಿ ಗೊತ್ತಾಗದೆ ದೀಪ ಹಚ್ಚಿ ನೋಡುತ್ತಾಳೆ. ಕಥೆಯಲ್ಲಿ ಆಕೆ ನಡುಹಗಲಿನಲ್ಲಿ ದೀಪ ಹಚ್ಚುವುದನ್ನು ಕಂಡ ಓದುಗರು ಕ್ಷಣಕಾಲ ತಡೆದು, ಕಾರಣವನ್ನು ತಾವೇ ಊಹಿಸಿ, ಆ ಆಕಾಶವನ್ನು ತಮ್ಮೊಳಗೆ ಕಟ್ಟಿಕೊಳ್ಳುತ್ತಾರೆ. ಸೂರ್ಯನ ವರ್ಣನೆಗೆ ಒಂದು ಪುಟ ಕೊಟ್ಟಿದ್ದರೂ ಆಗದಿದ್ದ ಕೆಲಸವನ್ನು ಆ ದೀಪ ಮಾಡುತ್ತದೆ.

ನನ್ನ ಕಾದಂಬರಿಯೊಂದರಿಂದಲೇ ಉದಾಹರಣೆ ಕೊಟ್ಟರೆ ಈ ಮಾತು ಇನ್ನಷ್ಟು ಸ್ಪಷ್ಟವಾಗಬಹುದು. ಅದರಲ್ಲಿ ಒಂದು ನದಿಯಿದೆ. ಅದನ್ನು ದೋಣಿಯಲ್ಲಿ ದಾಟುವವರು ತಮ್ಮ ನೆರಳನ್ನು ಈಚೆ ದಡದಲ್ಲಿ ಒತ್ತೆ ಇಟ್ಟು ಹೋಗಬೇಕು, ಹಿಂದಿರುಗಿದಾಗ ಬಿಡಿಸಿಕೊಳ್ಳಬೇಕು. ಕಲ್ಪನೆಯಾಗಿ ಇದು ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಹೊಳೆದದ್ದರಲ್ಲಿ ಹೆಚ್ಚಿನ ಹೆಗ್ಗಳಿಕೆಯೂ ಇಲ್ಲ. ಬಹುಕಾಲ ಹಿಡಿದದ್ದು ದಡದ ಮೇಲಿನ ಕಚೇರಿ. ನೆರಳುಗಳನ್ನು ಇಡುವುದು ಎಲ್ಲಿ? ನಡುಹಗಲಿನಲ್ಲಿ ಎಲ್ಲ ನೆರಳುಗಳೂ ಕುಗ್ಗಿ ಒಂದೇ ತೆರನಾದಾಗ ಯಾರದು ಯಾವುದೆಂದು ತಿಳಿಯುವುದು ಹೇಗೆ? ಮೋಡ ಕವಿದ ದಿನ ನೆರಳು ಬೀಳುವುದಿಲ್ಲವಾದ್ದರಿಂದ ಆ ದಿನ ದೋಣಿ ಬಿಡುವಂತಿಲ್ಲ. ಹಾಗಾದರೆ ಮಳೆಗಾಲ ಪೂರ್ತಿ ಆಚೆ ದಡಕ್ಕೆ ಉಪ್ಪು ಒದಗಿಸುವವರು ಯಾರು, ಆ ತಿಂಗಳುಗಳಲ್ಲಿ ಉಪ್ಪಿನ ಬೆಲೆ ಎಷ್ಟಕ್ಕೆ ಏರುತ್ತದೆ? ದಾಟಿದವರು ಹಿಂದಿರುಗದೆ ಅಲ್ಲಿಯೇ ಸತ್ತರೆ ನೆರಳು ಮಕ್ಕಳಿಗೆ ಸಲ್ಲುತ್ತದೆಯೋ, ಕಚೇರಿಗೆ ಸೇರುತ್ತದೆಯೋ? ಗರ್ಭಿಣಿ ಇಡಬೇಕಾದದ್ದು ಒಂದು ನೆರಳೋ ಎರಡೋ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಿದ್ದಾಗ ನನಗೆ ನೆರವಾದದ್ದು ಯಾವ ಫ್ಯಾಂಟಸಿ ಕೃತಿಯೂ ಅಲ್ಲ, ಕೌಟಿಲ್ಯನ ‘ಅರ್ಥಶಾಸ್ತ್ರ’. ಅದರ ಎರಡನೆಯ ಅಧಿಕರಣದಲ್ಲಿ ಒಂದೊಂದು ಇಲಾಖೆಗೆ ಒಬ್ಬೊಬ್ಬ ಅಧ್ಯಕ್ಷನಿದ್ದಾನೆ: ತೂಕ ಅಳತೆಗಳಿಗೆ ಪೌತವಾಧ್ಯಕ್ಷ, ನೂಲಿಗೆ ಸೂತ್ರಾಧ್ಯಕ್ಷ, ಆನೆಗಳಿಗೆ ಹಸ್ತ್ಯಧ್ಯಕ್ಷ, ದೋಣಿ ಹಡಗುಗಳಿಗೆ ನಾವಾಧ್ಯಕ್ಷ. ನದಿ ದಾಟಲು ಯಾವ ಹೊರೆಗೆ ಎಷ್ಟು ಶುಲ್ಕ ಎಂಬುದನ್ನು ಹೇಳುವ ಆ ಗ್ರಂಥ ಶುಲ್ಕವಿಲ್ಲದೆ ದಾಟಬಹುದಾದವರನ್ನೂ ಹೆಸರಿಸುತ್ತದೆ. ಬ್ರಾಹ್ಮಣರು, ಸಂನ್ಯಾಸಿಗಳು, ಮಕ್ಕಳು, ಮುದುಕರು, ರೋಗಿಗಳು, ರಾಜಶಾಸನವನ್ನು ಒಯ್ಯುವವರು, ಗರ್ಭಿಣಿಯರು ನಾವಾಧ್ಯಕ್ಷನ ಮುದ್ರೆಯನ್ನು ತೋರಿಸಿ ದಾಟಬಹುದು. ಲೋಕವೊಂದನ್ನು ಕಟ್ಟುವವರಿಗೆ ಇಂಥ ಒಂದು ಸಾಲಿನಲ್ಲಿ ಎಷ್ಟು ಸಾಮಗ್ರಿಯಿದೆ ಎಂಬುದನ್ನು ನೋಡಬೇಕು. ಆ ರಾಜ್ಯಕ್ಕೆ ಯಾರ ಮೇಲೆ ಕರುಣೆ, ಯಾರ ಮೇಲೆ ಗೌರವ, ಯಾವುದರಲ್ಲಿ ಅವಸರ ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ವಿನಾಯಿತಿಗೂ ಮುದ್ರೆ ಬೇಕು ಎಂದ ಕೂಡಲೇ ಮುದ್ರೆಯನ್ನು ಕೊಡುವವನು, ಕೊಡದೆ ಸತಾಯಿಸುವವನು, ಸುಳ್ಳು ಮುದ್ರೆ ಮಾಡುವವನು ಮೂವರೂ ಕಣ್ಣೆದುರು ಬಂದು ನಿಲ್ಲುತ್ತಾರೆ. ನನ್ನ ನದಿಗೂ ಅಂಥ ಪಟ್ಟಿಯೊಂದು ಬೇಕೆಂದು ತಿಳಿದ ದಿನ ಆ ದಡ ನಿಜವಾಗತೊಡಗಿತು.

ಅದರ ಬೆನ್ನಿಗೇ ಆಚೆ ದಡವೂ ತಾನಾಗಿ ರೂಪುಗೊಂಡಿತು. ಅಲ್ಲಿ ಹುಟ್ಟಿದವರಿಗೆ ಅವರವರ ನೆರಳಿದೆ. ನೆರಳಿಲ್ಲದೆ ನಡೆಯುವವರೆಲ್ಲ ಈಚೆಯಿಂದ ಬಂದವರು. ಹಾಗಾಗಿ ಸಂತೆಯಲ್ಲಿ ಅವರು ಬಾಯಿ ತೆರೆಯುವ ಮುನ್ನವೇ ಅಂಗಡಿಯವರಿಗೆ ಗುರುತು ಸಿಗುತ್ತದೆ, ಬೆಲೆ ಏರುತ್ತದೆ. ಬುದ್ಧಿವಂತ ವ್ಯಾಪಾರಿಗಳು ಸಂಜೆಯಾದ ಮೇಲೆ ಮಾತ್ರ ಕೊಳ್ಳಲು ಹೋಗುತ್ತಾರೆ. ಇದಾವುದನ್ನೂ ನಾನು ಮೊದಲೇ ಯೋಜಿಸಿರಲಿಲ್ಲ; ಮೊದಲ ನಿಯಮವನ್ನು ಮುರಿಯದೆ ಅದರ ಹಿಂದೆಯೇ ನಡೆದಾಗ ಇವೆಲ್ಲ ಸಿಕ್ಕವು.

ನಕ್ಷೆಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ರಾಬರ್ಟ್ ಲೂಯಿ ಸ್ಟೀವನ್‌ಸನ್ 1881ರಲ್ಲಿ ದ್ವೀಪವೊಂದರ ನಕ್ಷೆ ಬರೆದು, ಅದನ್ನು ನೋಡುತ್ತ ನೋಡುತ್ತ ಕಥೆ ಕಟ್ಟಿದ. 1883ರಲ್ಲಿ ಪುಸ್ತಕವಾದ ‘ಟ್ರೆಷರ್ ಐಲ್ಯಾಂಡ್’ ಹುಟ್ಟಿದ್ದು ಹಾಗೆ. ಆದರೆ ಪ್ರಕಾಶಕರಿಗೆ ಕಳಿಸಿದ ಮೂಲ ನಕ್ಷೆ ಅವರ ಕೈ ಸೇರಲೇ ಇಲ್ಲ. ಅವನು ತಾನೇ ಬರೆದ ಪುಸ್ತಕವನ್ನು ಮತ್ತೆ ಓದಿ, ಅದರಲ್ಲಿ ಬರುವ ದಿಕ್ಕು ದೂರಗಳ ಉಲ್ಲೇಖಗಳನ್ನೆಲ್ಲ ಪಟ್ಟಿಮಾಡಿ, ಅವಕ್ಕೆ ಹೊಂದುವಂತೆ ಕೈವಾರ ಹಿಡಿದು ಹೊಸ ನಕ್ಷೆಯನ್ನು ಕಷ್ಟಪಟ್ಟು ಬರೆಯಬೇಕಾಯಿತು. ಮೊದಲನೆಯದರ ಜೀವಂತಿಕೆ ಎರಡನೆಯದಕ್ಕೆ ಬರಲಿಲ್ಲವೆಂಬುದು ಅವನ ಕೊರಗು. ಆದರೂ ಪಠ್ಯದಿಂದ ನಕ್ಷೆಯನ್ನು ಮರಳಿ ಬರೆಯಲು ಸಾಧ್ಯವಾಯಿತೆಂಬುದೇ ಆ ಬರವಣಿಗೆಯ ದೃಢತೆಗೆ ಸಾಕ್ಷಿ ಎಂದು ನನಗೆ ಅನ್ನಿಸುತ್ತದೆ. ಇದನ್ನೆಲ್ಲ ತಾನೇ ಹೇಳಿಕೊಂಡಿರುವ ಲೇಖನದಲ್ಲಿ ಅವನು ಪಂಚಾಂಗದ ಪ್ರಸ್ತಾಪವನ್ನೂ ಮಾಡುತ್ತಾನೆ. ಕಥೆಗಾರನಿಗೆ ಚಂದ್ರ ಬಹಳ ತೊಂದರೆ ಕೊಡುತ್ತಾನೆ. ಆದ್ದರಿಂದ ತಿಂಗಳ ಲೆಕ್ಕವನ್ನೂ ದೇಶದ ನಕ್ಷೆಯನ್ನೂ ಎದುರಿಗಿಟ್ಟುಕೊಳ್ಳದೆ ಬರೆಯಬಾರದು ಎನ್ನುತ್ತಾನೆ. ಈ ಸಲಹೆಯನ್ನು ನಾನು ಅಕ್ಷರಶಃ ಪಾಲಿಸುತ್ತೇನೆ. ಎರಡು ಚಂದ್ರರಿರುವ ಲೋಕವಾದರೆ ಲೆಕ್ಕ ಇನ್ನೂ ಕಠಿಣ. ಯಾವ ರಾತ್ರಿ ಕತ್ತಲೆ, ಯಾವ ರಾತ್ರಿ ಬೆಳಕು ಎಂದು ತಿಳಿಯದೆ ಯಾವ ಕಳ್ಳನೂ ಅಲ್ಲಿ ಮನೆಯಿಂದ ಹೊರಡಲಾರ.

ಇನ್ನು ಪಾತ್ರಗಳ ಮಾತು. ಪಾತ್ರದ ಸ್ವಭಾವವೂ ಲೋಕದ ನಿಯಮವೂ ಒಂದನ್ನೊಂದು ಬಿಡದೆ ಹಿಡಿದಿರುವುದಕ್ಕೆ ನಮ್ಮ ಪರಂಪರೆಯಲ್ಲಿ ಬೇತಾಳನ ಕಥೆಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ತೋರುವುದಿಲ್ಲ. 11ನೆಯ ಶತಮಾನದಲ್ಲಿ ಸೋಮದೇವ ರಚಿಸಿದ ‘ಕಥಾಸರಿತ್ಸಾಗರ’ದಲ್ಲಿ ಆ ರಾಜನ ಹೆಸರು ತ್ರಿವಿಕ್ರಮಸೇನ. ಅವನು ಮರದಿಂದ ಶವವನ್ನು ಇಳಿಸಿ ಹೆಗಲ ಮೇಲೆ ಹೊತ್ತು ಸ್ಮಶಾನದಲ್ಲಿ ಕಾದಿರುವ ಭಿಕ್ಷುವಿಗೆ ತಲುಪಿಸಬೇಕು. ಮೌನ ಮುರಿದರೆ ಶವ ಮತ್ತೆ ಮರಕ್ಕೆ ಹೋಗಿ ನೇತಾಡುತ್ತದೆ. ಬೇತಾಳನ ಪ್ರಶ್ನೆಗೆ ಉತ್ತರ ತಿಳಿದೂ ಹೇಳದಿದ್ದರೆ ತಲೆ ಒಡೆದುಹೋಗುತ್ತದೆ. ಈ ನಿಯಮದ ರಚನೆ ಎಷ್ಟು ಬಿಗಿಯಾಗಿದೆ! ಮೂಢನಾದ ಯಾವನಾದರೂ ಮೊದಲ ಸುತ್ತಿನಲ್ಲಿಯೇ ಶವವನ್ನು ತಲುಪಿಸಿಬಿಡುತ್ತಿದ್ದ, ಏಕೆಂದರೆ ಅವನಿಗೆ ಉತ್ತರ ತಿಳಿಯುತ್ತಿರಲಿಲ್ಲ. ತ್ರಿವಿಕ್ರಮಸೇನ ವಿವೇಕಿ, ನ್ಯಾಯ ತೀರ್ಮಾನ ಮಾಡಿ ಬಲ್ಲವನು. ಅವನ ಗುಣವೇ ಅವನನ್ನು ಮತ್ತೆ ಮತ್ತೆ ಆ ಮರದ ಬಳಿಗೆ ಓಡಾಡಿಸುತ್ತದೆ. ಕೊನೆಯ ಒಗಟಿಗೆ ಮಾತ್ರ ಅವನಿಗೆ ಉತ್ತರ ಹೊಳೆಯದೆ ಮೌನವಾಗಿ ನಡೆಯುತ್ತಾನೆ, ಕಥೆ ಮುಂದೆ ಸಾಗುತ್ತದೆ. ಆ ನಿಯಮವನ್ನು ಬೇರೊಬ್ಬ ರಾಜನ ಮೇಲೆ ಹೇರಿದರೆ ಇದೇ ಕಥೆ ನಡೆಯದು. ಈ ರಾಜನನ್ನು ಬೇರೆ ನಿಯಮಕ್ಕೆ ಒಡ್ಡಿದರೂ ನಡೆಯದು. ಲೋಕ ಮೊದಲೋ ಪಾತ್ರ ಮೊದಲೋ ಎಂದು ಕೇಳುವವರಿಗೆ ನಾನು ಈ ರಾಜನನ್ನು ತೋರಿಸುತ್ತೇನೆ.

ನನ್ನ ನದಿಯ ದಡದಲ್ಲಿಯೂ ಕಥೆ ಹೊರಟದ್ದು ಹಾಗೆಯೇ. ಒತ್ತೆಯ ನೆರಳುಗಳ ಲೆಕ್ಕ ಬರೆಯುವ ಗುಮಾಸ್ತೆಯೊಬ್ಬಳು ಆ ಕಚೇರಿಯಲ್ಲಿ ಇರಲೇಬೇಕಾಗಿತ್ತು. ಇಡೀ ದಿನ ನೆಲ ನೋಡಿಯೇ ಕೆಲಸ ಮಾಡುವ ಅವಳಿಗೆ ಕತ್ತು ನೋವಿನ ಬಾಧೆ. ಮನುಷ್ಯರ ಮುಖಗಳು ಅವಳಿಗೆ ನೆನಪಿರುವುದಿಲ್ಲ, ನಡಿಗೆಗಳು ನೆನಪಿರುತ್ತವೆ. ಒಂದು ಸಂಜೆ ಎಷ್ಟೋ ವರ್ಷಗಳ ಹಿಂದೆ ದಾಟಿಹೋದ ಗಂಡಸೊಬ್ಬ ಹಿಂದಿರುಗುತ್ತಾನೆ. ಆಚೆ ದಡದಲ್ಲಿ ಅವನ ಕಾಲು ಮುರಿದಿದೆ, ಕುಂಟುತ್ತಾನೆ. ಒಳಗಿನಿಂದ ತಂದ ಅವನ ನೆರಳು ಮಾತ್ರ ನೆಟ್ಟಗೆ ನಿಂತಿದೆ. ಹೊಂದದ ನೆರಳನ್ನು ಕೊಡಬಾರದೆಂಬುದು ಕಚೇರಿಯ ಕಟ್ಟಳೆ. ಚೀಟಿ ಸರಿಯಿದೆ, ಹೆಸರು ಸರಿಯಿದೆ, ಮುದ್ರೆ ಸರಿಯಿದೆ; ಆದರೆ ಅವಳ ಕಣ್ಣು ನಂಬುವುದು ನಡಿಗೆಯನ್ನು. ಅವಳು ಆ ನೆರಳನ್ನು ಕೊಡಬೇಕೋ ಬೇಡವೋ ಎಂಬುದರ ಸುತ್ತ ಇಡೀ ಕಾದಂಬರಿ ಬೆಳೆಯಿತು. ನೆರಳು ಕಳಚಿ ಬರುವುದನ್ನು ಕಂಡು ಆಕೆ ಒಮ್ಮೆಯೂ ಬೆರಗಾಗುವುದಿಲ್ಲ, ಅದು ಅವಳಿಗೆ ಕೆಲಸ. ಅವಳನ್ನು ಕಂಗೆಡಿಸುವುದು ನಮ್ಮನ್ನೂ ಕಂಗೆಡಿಸಬಹುದಾದದ್ದೇ: ತಿಳಿದ ಸತ್ಯಕ್ಕೂ ಬರೆದಿಟ್ಟ ನಿಯಮಕ್ಕೂ ನಡುವೆ ಒಬ್ಬಂಟಿಯಾಗಿ ತೀರ್ಮಾನ ಮಾಡಬೇಕಾದ ಸ್ಥಿತಿ.

ಲೋಕದಲ್ಲಿ ತಲೆದೋರಿದ ತೊಡಕನ್ನು ಪಾತ್ರದ ಮೂಲಕವೇ ಬಿಡಿಸಿದ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬೇಕು. 1937ರಲ್ಲಿ ಟೋಲ್ಕಿನ್ ಪ್ರಕಟಿಸಿದ ‘ದಿ ಹಾಬಿಟ್’ನ ಮೊದಲ ಆವೃತ್ತಿಯಲ್ಲಿ ಗಾಲಮ್ ಎಂಬ ಜೀವಿ ಒಗಟಿನ ಪಂದ್ಯದಲ್ಲಿ ತನ್ನ ಉಂಗುರವನ್ನೇ ಪಣವಾಗಿ ಒಡ್ಡುತ್ತದೆ. ಮುಂದಿನ ಕೃತಿ ಬೆಳೆಯುತ್ತ ಬಂದಂತೆ ಆ ಉಂಗುರ ಯಾರೂ ಮನಸಾರೆ ಬಿಟ್ಟುಕೊಡಲಾಗದ ಭಯಾನಕ ವಸ್ತುವಾಯಿತು. ಹಳೆಯ ಅಧ್ಯಾಯ ಅದಕ್ಕೆ ಹೊಂದದಾಯಿತು. 1951ರ ಆವೃತ್ತಿಯಲ್ಲಿ ಅಧ್ಯಾಯವನ್ನು ತಿದ್ದಲಾಯಿತು. ಆದರೆ ಹಳೆಯ ರೂಪವನ್ನು ಅವರು ಇಲ್ಲವೆನ್ನಲಿಲ್ಲ; ಅದು ಉಂಗುರ ಪಡೆದ ಕಥಾನಾಯಕ ಬಿಲ್ಬೊ ತನ್ನ ಸ್ನೇಹಿತರಿಗೆ ಹೇಳಿದ್ದ ಸುಳ್ಳು ಎಂದು ಕಥೆಯೊಳಗೇ ಸೇರಿಸಿಕೊಂಡರು. ಪ್ರಾಮಾಣಿಕನಾದ ಅವನು ಸುಳ್ಳು ಹೇಳಿದನೆಂಬುದೇ ಉಂಗುರದ ಕೆಟ್ಟ ಪ್ರಭಾವಕ್ಕೆ ಮೊದಲ ಗುರುತಾಯಿತು. ಲೋಕದ ಬಿರುಕೊಂದು ಮನುಷ್ಯಸ್ವಭಾವದ ಬಿರುಕಾಗಿ ಮಾರ್ಪಟ್ಟ ಈ ಪರಿಹಾರದ ಮುಂದೆ ನಾನು ತಲೆಬಾಗುತ್ತೇನೆ.

ಖಳರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹುಟ್ಟಿನಿಂದಲೇ ಇಡೀ ಕುಲವೊಂದು ದುಷ್ಟವೆಂದು ತೀರ್ಮಾನಿಸಿ ಕೊಂದು ಹಾಕುವ ಕಥೆಗಳು ನನಗೆ ಸೇರುವುದಿಲ್ಲ, ಅಂಥದ್ದನ್ನು ನಾನು ಬರೆಯುವುದೂ ಇಲ್ಲ. ಲೋಕದ ನಿಯಮಗಳನ್ನು ಬದಲಾಯಿಸಬಹುದಾದರೂ ನೀತಿಯ ನಿಯಮಗಳನ್ನು ತಲೆಕೆಳಗು ಮಾಡಲಾಗದು ಎಂಬ ಮಾತೂ ಮ್ಯಾಕ್‌ಡೊನಾಲ್ಡನ ಆ 1893ರ ಪ್ರಬಂಧದಲ್ಲಿದೆ, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಸಂಭಾಷಣೆಯ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಕಲ್ಪಿತ ಲೋಕದ ಜನ ತಮ್ಮ ಲೋಕವನ್ನು ಪರಸ್ಪರ ವಿವರಿಸಿಕೊಳ್ಳುವುದಿಲ್ಲ. ‘ನಿನಗೆ ತಿಳಿದಿರುವಂತೆ ನಮ್ಮ ಪೂರ್ವಜರು ಈ ಕೋಟೆಯನ್ನು ಕಟ್ಟಿದ್ದು’ ಎಂದು ಒಬ್ಬ ಕಾವಲುಗಾರ ಇನ್ನೊಬ್ಬನಿಗೆ ಹೇಳತೊಡಗಿದ ಕೂಡಲೇ, ಅವನು ತನ್ನ ಗೆಳೆಯನನ್ನು ಬಿಟ್ಟು ಓದುಗರ ಕಡೆಗೆ ತಿರುಗಿರುವುದು ಎಲ್ಲರಿಗೂ ತಿಳಿಯುತ್ತದೆ. ನಿಜವಾದ ಇಬ್ಬರು ಕಾವಲುಗಾರರು ಪಾಳಿ ಬದಲಾಗಲು ಇನ್ನೆಷ್ಟು ಹೊತ್ತಿದೆ ಎಂದು ಮಾತಾಡುತ್ತಾರೆ, ಮೆಟ್ಟಿಲು ಸವೆದು ಜಾರುತ್ತಿದೆ ಎಂದು ಗೊಣಗುತ್ತಾರೆ. ಕೋಟೆಯ ವಯಸ್ಸು ಆ ಸವೆದ ಮೆಟ್ಟಿಲಿನಲ್ಲಿದೆ. ಅಪರಿಚಿತನೊಬ್ಬನನ್ನು ಆ ಲೋಕಕ್ಕೆ ಕರೆತಂದು, ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಡಿಸುವ ಉಪಾಯವೂ ಬಳಕೆಯಲ್ಲಿದೆ. ಅದು ಸುಲಭ, ಕೆಲವೊಮ್ಮೆ ಅನಿವಾರ್ಯ. ಆದರೆ ಆ ಅಪರಿಚಿತನಿಗೆ ಪ್ರಶ್ನೆ ಕೇಳುವುದನ್ನು ಬಿಟ್ಟು ತನ್ನದೇ ಆದ ಬೇರೆ ಅಗತ್ಯವೂ ಇರಬೇಕು, ಉತ್ತರ ಕೊಡುವವರಿಗೆ ಅವನಿಂದ ಏನೋ ಬೇಕಾಗಿರಬೇಕು.

ಓದಿನ ಅಭಿರುಚಿಗೆ ಬಂದರೆ, ನಾನು ಫ್ಯಾಂಟಸಿಯನ್ನು ಪ್ರೀತಿಯಿಂದ ಓದುತ್ತೇನಾದರೂ ಬರವಣಿಗೆಗೆ ಬೇಕಾದ ಆಹಾರವನ್ನು ಬಹುಮಟ್ಟಿಗೆ ಹೊರಗಿನಿಂದಲೇ ಪಡೆಯುತ್ತೇನೆ. ಹಳೆಯ ಪ್ರವಾಸಕಥನಗಳು, ಶಾಸನಗಳು, ಕರಾರು ಪತ್ರಗಳು, ಕಾನೂನು ಗ್ರಂಥಗಳು, ವೈದ್ಯರ ಟಿಪ್ಪಣಿಗಳು ನನಗೆ ಅಚ್ಚುಮೆಚ್ಚು. ಫ್ಯಾಂಟಸಿಯನ್ನು ಮಾತ್ರ ಓದಿ ಬರೆದ ಫ್ಯಾಂಟಸಿಯಲ್ಲಿ ಇತರ ಪುಸ್ತಕಗಳ ಪ್ರತಿಧ್ವನಿ ಕೇಳಿಸುತ್ತದೆ. ಅದೇ ಛತ್ರ, ಅದೇ ಮುದುಕ ಮಾಂತ್ರಿಕ, ಭವಿಷ್ಯವಾಣಿಯಲ್ಲಿ ಮೊದಲೇ ಹೆಸರು ಬಂದಿರುವ ಅದೇ ಅನಾಥ ಹುಡುಗ. ಇವುಗಳಲ್ಲಿ ಯಾವುದೂ ತಾನಾಗಿ ಕೆಟ್ಟದ್ದಲ್ಲ. ಆದರೆ ಆ ಛತ್ರಕ್ಕೆ ಸೌದೆ ಎಲ್ಲಿಂದ ಬರುತ್ತದೆ ಎಂದು ಲೇಖಕರು ಎಂದೂ ಯೋಚಿಸಿಲ್ಲವೆಂಬುದು ಮೊದಲ ಪುಟದಲ್ಲಿಯೇ ತಿಳಿದುಬಿಡುತ್ತದೆ.

14ನೆಯ ಶತಮಾನದ ಇಬ್ನ್ ಬತೂತನ ಪ್ರವಾಸಕಥನದಿಂದ ಒಂದು ಸಂಗತಿಯನ್ನು ಹೇಳುತ್ತೇನೆ. ಅವನು ಮಾಲ್ಡೀವ್ಸ್ ದ್ವೀಪಗಳಲ್ಲಿ ಕೆಲಕಾಲ ಖಾಜಿಯಾಗಿದ್ದ. ಅಲ್ಲಿನ ಜನರ ಹಣ ಕವಡೆ. ಸಮುದ್ರದಿಂದ ತೆಗೆದು, ಗುಂಡಿಯಲ್ಲಿ ಹಾಕಿ ಒಳಗಿನ ಮಾಂಸ ಕೊಳೆತುಹೋದ ಮೇಲೆ ಉಳಿದ ಬಿಳಿಯ ಚಿಪ್ಪು ಅದು. ಸಾಮಾನ್ಯವಾಗಿ ಒಂದು ಚಿನ್ನದ ದಿನಾರಿಗೆ 4,00,000 ಕವಡೆಗಳು ಎಂದು ಅವನು ದರವನ್ನು ಕೊಡುತ್ತಾನೆ. ಪಶ್ಚಿಮ ಆಫ್ರಿಕಾದ ಮಾಲಿಯಲ್ಲಿ ಇದೇ ಕವಡೆಗಳು ದಿನಾರಿಗೆ 1,150ರಂತೆ ಮಾರಾಟವಾಗುವುದನ್ನು ಕಂಡೆನೆಂದೂ ಹೇಳುತ್ತಾನೆ. ಒಂದು ತೀರದಲ್ಲಿ ಮೂಟೆಗಟ್ಟಲೆ ಅಳೆಯುವ ಚಿಪ್ಪು ಮರುಭೂಮಿಯ ಆಚೆಗೆ ಹೋಗುವ ಹೊತ್ತಿಗೆ ಮುನ್ನೂರು ಪಟ್ಟಿಗೂ ಮಿಕ್ಕಿ ಬೆಲೆಬಾಳುತ್ತದೆ. ಈ ಎರಡು ಅಂಕಿಗಳ ನಡುವೆ ಹಡಗುಗಳಿವೆ, ಒಂಟೆಗಳಿವೆ, ದಲ್ಲಾಳಿಗಳಿದ್ದಾರೆ, ದಾರಿಯಲ್ಲಿ ಸತ್ತವರಿದ್ದಾರೆ. ಯಾವ ಮಂತ್ರವೂ ಇಲ್ಲದೆ ವಸ್ತುವೊಂದು ಹೀಗೆ ರೂಪಾಂತರ ಹೊಂದಬಲ್ಲುದಾದರೆ, ಮಂತ್ರವಿರುವ ಲೋಕದಲ್ಲಿ ಮಂತ್ರದ ವಸ್ತುವಿಗೂ ದೂರಕ್ಕೆ ತಕ್ಕಂತೆ ಬೆಲೆಯಿರಬೇಕಲ್ಲವೇ? ಅದು ಸಿಗುವ ಊರಿನ ಮಕ್ಕಳು ಅದನ್ನು ಆಟಕ್ಕೆ ಬಳಸುತ್ತಿರಬೇಕು.

ಪ್ರವಾಸಿ ಕಾಣುವುದಕ್ಕೂ ನಿವಾಸಿ ಕಾಣುವುದಕ್ಕೂ ಇರುವ ಅಂತರವನ್ನು ಇಂಥ ಓದು ಕಲಿಸುತ್ತದೆ. ಪ್ರವಾಸಿ ಬೆರಗನ್ನು ದಾಖಲಿಸುತ್ತಾನೆ. ನಿವಾಸಿಗಳ ಬದುಕು ತೆರಿಗೆ ಪತ್ರದಲ್ಲಿ, ಬೇಲಿಯ ತಕರಾರಿನಲ್ಲಿ ಉಳಿಯುತ್ತದೆ. ಕಾದಂಬರಿಕಾರರಿಗೆ ಎರಡೂ ಬೇಕು. ನನ್ನ ಒಲವು ಎರಡನೆಯದರ ಕಡೆಗೆ.

ಓದುಗರ ಅಭಿರುಚಿಗಳ ವೈವಿಧ್ಯವನ್ನು ನಾನು ಗೌರವದಿಂದ ಕಾಣುತ್ತೇನೆ. ಮಾಂತ್ರಿಕ ಶಕ್ತಿಯ ನಿಯಮಗಳು ಗಣಿತದಂತೆ ಖಚಿತವಾಗಿರಬೇಕು, ಸಂಕಟದ ಗಳಿಗೆಯಲ್ಲಿ ನಾಯಕಿ ಮಾಡುವ ಉಪಾಯವನ್ನು ತಾವೂ ಮೊದಲೇ ಊಹಿಸುವಂತಿರಬೇಕು ಎಂದು ಬಯಸುವವರಿದ್ದಾರೆ. ಶಕ್ತಿಯ ಮೂಲ ಕತ್ತಲಲ್ಲಿಯೇ ಉಳಿಯಬೇಕು, ಬಿಡಿಸಿ ಹೇಳಿದರೆ ಅದರ ಘನತೆ ಹೋಯಿತು ಎನ್ನುವವರೂ ಇದ್ದಾರೆ. ಈ ಎರಡು ಗುಂಪಿನವರ ನಡುವಿನ ವಾದ ಕೆಲವೊಮ್ಮೆ ಬಿಸಿಯೇರುತ್ತದೆ. ನನಗೆ ಈ ವಾದದಲ್ಲಿ ಮುಖ್ಯವಾಗಿ ತೋರುವುದು ಬೇರೆ: ನಿಯಮ ಓದುಗರಿಗೆ ತಿಳಿದಿರಲಿ ತಿಳಿಯದಿರಲಿ, ಅದರೊಂದಿಗೆ ಬಾಳುವವರಿಗೆ ಅದರ ಪರಿಣಾಮವಾದರೂ ತಿಳಿದಿರಬೇಕು. ಮಳೆ ಹೇಗೆ ಬರುತ್ತದೆ ಎಂಬ ವಿಜ್ಞಾನ ತಿಳಿಯದ ರೈತನಿಗೂ ಯಾವ ಮೋಡ ಸುರಿಯುತ್ತದೆ, ಯಾವುದು ಹಾಗೆಯೇ ಹಾದುಹೋಗುತ್ತದೆ ಎಂಬ ಅಂದಾಜಿರುತ್ತದೆ. ಮಾಂತ್ರಿಕ ಲೋಕದ ಪ್ರಜೆಗಳಿಗೂ ಅಷ್ಟು ಅಂದಾಜನ್ನು ಕೊಟ್ಟರೆ ಎರಡೂ ಬಗೆಯ ಓದುಗರಿಗೆ ನ್ಯಾಯ ಒದಗಿಸಬಹುದು.

ಫ್ಯಾಂಟಸಿ ಓದುವುದೇ ಇಲ್ಲ ಎನ್ನುವವರನ್ನೂ ನಾನು ದೂರವಿಡುವುದಿಲ್ಲ. ಏನು ಬೇಕಾದರೂ ಆಗಬಹುದಾದ ಕಥೆಯಲ್ಲಿ ಯಾವುದಕ್ಕೂ ತೂಕವಿರುವುದಿಲ್ಲ ಎಂಬ ಅವರ ಆಕ್ಷೇಪ ತಕ್ಕದ್ದೇ; ಏಳು ಸಮುದ್ರ ಹಾರಿದ ರಾಜನ ಬಗ್ಗೆ ಆನಂದವರ್ಧನನ ಆಕ್ಷೇಪವೂ ಅದೇ ಜಾತಿಯದು. ಅಂಥ ಓದುಗರನ್ನು ಎದುರಿಗಿಟ್ಟುಕೊಂಡು ಬರೆಯುವುದು ನನಗೆ ಒಳ್ಳೆಯ ಶಿಸ್ತಾಗಿದೆ.

ಮರುಓದಿನ ವಿಷಯ ಒಂದು ಉಳಿದಿದೆ. ಮೊದಲ ಓದಿನಲ್ಲಿ ಓದುಗರು ಆ ಲೋಕಕ್ಕೆ ಹೊಸಬರು. ಕಂಡದ್ದೆಲ್ಲ ಬೆರಗು, ಮುಂದೇನು ಎಂಬ ಆತುರ. ಅದೇ ಪುಸ್ತಕವನ್ನು ಎರಡನೆಯ ಬಾರಿ ತೆರೆದಾಗ ಅವರು ಅಲ್ಲಿಯವರೇ ಆಗಿರುತ್ತಾರೆ. ನಿಯಮಗಳು ಗೊತ್ತು, ದಾರಿಗಳು ಗೊತ್ತು, ನೆರಳು ಕಳಚಿದರೆ ಬೆಚ್ಚುವುದಿಲ್ಲ. ಆಗ ಅವರ ಗಮನವೆಲ್ಲ ಮನುಷ್ಯರ ಕಡೆಗೆ ಹೋಗುತ್ತದೆ. ಮೊದಲ ಬಾರಿ ಕಣ್ಣಿಗೆ ಬೀಳದ ಸಣ್ಣ ನಿರ್ಧಾರಗಳು, ತಡೆದ ಮಾತುಗಳು ಎದ್ದು ಕಾಣುತ್ತವೆ. ಬೆರಗು ತೀರಿದ ಮೇಲೆ ಪುಸ್ತಕದಲ್ಲಿ ಏನೂ ಉಳಿಯದಿದ್ದರೆ ಅಲ್ಲಿ ಲೋಕವನ್ನು ಕಟ್ಟಿರಲಿಲ್ಲ, ಬರಿಯ ಅಲಂಕಾರ ಮಾಡಿದ್ದೆವು ಎಂದೇ ಅರ್ಥ. ನಾನು ಬರೆದದ್ದನ್ನು ತಿದ್ದುವಾಗ ಎರಡನೆಯ ಬಾರಿ ಬಂದ ಓದುಗರ ಕಣ್ಣಿನಿಂದಲೇ ನೋಡಲು ಯತ್ನಿಸುತ್ತೇನೆ. ಈಗ ಬರೆಯುತ್ತಿರುವ ಕಾದಂಬರಿಯೂ ಅದೇ ನದಿಯದು, ಆದರೆ ಈ ಬಾರಿ ಕಥೆ ನಡೆಯುವುದು ಆಚೆ ದಡದ ಅಂಗಡಿಯೊಂದರಲ್ಲಿ. ಅಂಗಡಿಯವನು ಹುಟ್ಟಿದಾಗಿನಿಂದ ನೆರಳಿಲ್ಲದವರನ್ನು ನೋಡುತ್ತಲೇ ಬೆಳೆದಿದ್ದಾನೆ. ನೆರಳಿಲ್ಲದ ಗಿರಾಕಿಯೆಂದರೆ ಅವನ ಪಾಲಿಗೆ ಸಾಲ ಕೊಡಬಾರದ ಗಿರಾಕಿ, ಅಷ್ಟೇ. ಅವನು ಮೊದಲ ಬಾರಿಗೆ ಅಂಥವಳೊಬ್ಬಳಿಗೆ ಸಾಲ ಕೊಡಲು ಏಕೆ ಒಪ್ಪುತ್ತಾನೆ ಎಂಬ ಅಧ್ಯಾಯವನ್ನು ಸದ್ಯ ಬರೆಯುತ್ತಿದ್ದೇನೆ.